ಒಂದು ಪೌಂಡು ಧಾನ್ಯ, ಐವತ್ತು ಲಕ್ಷ ಜನ

1877ರ ಜನವರಿ 1ರಂದು ದೆಹಲಿಯ ಬಯಲಿನಲ್ಲಿ ಭಾರೀ ದರ್ಬಾರು ನಡೆಯಿತು. ವಿಕ್ಟೋರಿಯಾ ರಾಣಿ ಇನ್ನು ಭಾರತದ ಚಕ್ರವರ್ತಿನಿ ಎಂದು ವೈಸರಾಯ್ ಲಾರ್ಡ್ ಲಿಟ್ಟನ್ ಡಂಗುರ ಹೊಡೆಸಿದ. ಹೈದರಾಬಾದಿನ ನಿಜಾಮ, ಬರೋಡದ ಗಾಯಕವಾಡ, ಮೈಸೂರಿನ ಚಾಮರಾಜೇಂದ್ರ ಒಡೆಯರು, ಮೂವರೂ ಇನ್ನೂ ಹುಡುಗರು, ಮೆರವಣಿಗೆಯಲ್ಲಿ ಇದ್ದರು. ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕ್ ಸಹ ತನ್ನ ಪ್ರಾಂತ್ಯವನ್ನು ಬಿಟ್ಟು ಅಲ್ಲಿಗೆ ಹೋಗಿದ್ದ.

ಬಿಟ್ಟುಬಂದ ಪ್ರಾಂತ್ಯದಲ್ಲಿ ಆಗ ಜನ ಸಾಯುತ್ತಿದ್ದರು. 1876ರ ಮುಂಗಾರು ಕೈಕೊಟ್ಟಿತ್ತು, ಹಿಂಗಾರೂ ಕೈಕೊಟ್ಟಿತು. ಮದರಾಸಿಗೆ ಸೇರಿದ ಬಳ್ಳಾರಿ, ಕಡಪ, ಕರ್ನೂಲು. ಮೈಸೂರಿನ ಕೋಲಾರ, ತುಮಕೂರು, ಚಿತ್ರದುರ್ಗ. ಮುಂಬಯಿಗೆ ಸೇರಿದ ಕಲಾದಗಿ, ಧಾರವಾಡ, ಬೆಳಗಾವಿ, ಎಲ್ಲ ಕಡೆಯೂ ಹೊಲಗಳು ಬೀಳು ಬಿದ್ದಿದ್ದವು. ಅದು ಧಾತು ಸಂವತ್ಸರ. ಮರುವರ್ಷದ ಈಶ್ವರ ಸಂವತ್ಸರದಲ್ಲೂ ಮುಂಗಾರು ಸಕಾಲಕ್ಕೆ ಬರಲಿಲ್ಲ. ಬಯಲುಸೀಮೆಯವರು ಎರಡನ್ನೂ ಸೇರಿಸಿ ಧಾತು ಈಶ್ವರದ ಬರ ಎಂದೇ ಕರೆದರು. ಮಳೆ ಇಲ್ಲದೆ ಬೆಳೆ ಹೋದದ್ದು ಹಳೆಯ ಕತೆ. ಆದರೆ ಆಳುವವರ ಕೈಯಲ್ಲಿ ಜನಗಣತಿಯ ಪುಸ್ತಕ ಇದ್ದಾಗ ಬಂದ ಮೊದಲ ಮಹಾಬರ ಇದು. ಜನರನ್ನು ಒಂದು ಸಂಖ್ಯೆಯಾಗಿ ನೋಡಿ, ಆ ಸಂಖ್ಯೆಯನ್ನು ಎಷ್ಟು ಖರ್ಚಿನಲ್ಲಿ ಉಳಿಸಬಹುದು ಎಂದು ಲೆಕ್ಕ ಹಾಕುವ ಅಧಿಕಾರ ನಮ್ಮ ಸೀಮೆಯಲ್ಲಿ ಮೊದಲ ಸಲ ಪೂರ್ತಿಯಾಗಿ ಕಾಣಿಸಿಕೊಂಡದ್ದು ಆಗ. ಅದಕ್ಕೇ ಈ ಬರದ ಕತೆಯನ್ನು ನಾನು ಹಸಿವಿನ ಕತೆಯಾಗಿ ಮಾತ್ರ ಓದುವುದಿಲ್ಲ.

ಎಣಿಕೆ ಎಂಬುದು ಅದಕ್ಕೂ ಮೊದಲು ಇರಲಿಲ್ಲವೆಂದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಪ ಎಂಬ ಅಧಿಕಾರಿ ಐದೋ ಹತ್ತೋ ಹಳ್ಳಿಗಳ ಲೆಕ್ಕ ಇಡುತ್ತಾನೆ. ಒಕ್ಕಲಿಗರೆಷ್ಟು, ದನಗಾಹಿಗಳೆಷ್ಟು, ವ್ಯಾಪಾರಿಗಳೆಷ್ಟು, ಎರಡು ಕಾಲಿನವು ಎಷ್ಟು, ನಾಲ್ಕು ಕಾಲಿನವು ಎಷ್ಟು ಎಂದೆಲ್ಲ ಬರೆದಿಡುತ್ತಾನೆ. ಶತಮಾನಗಳ ಕಾಲ ಮರೆಯಾಗಿದ್ದ ಆ ಗ್ರಂಥ ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲೇ ಆರ್. ಶಾಮಶಾಸ್ತ್ರಿಗಳ ಕೈಗೆ ಸಿಕ್ಕಿ 1909ರಲ್ಲಿ ಅಚ್ಚಾಯಿತು. ಮೈಸೂರು ಸೀಮೆಯ ಶಾನುಭೋಗರ ಕಡತಗಳಲ್ಲೂ ಖಾನೇಷುಮಾರಿ ಇತ್ತು. ಮನೆ ಎಷ್ಟು, ನೇಗಿಲು ಎಷ್ಟು, ದನ ಎಷ್ಟು ಎಂಬ ವಾರ್ಷಿಕ ಅಂದಾಜು ಅದು. 1800ರಲ್ಲಿ ಟಿಪ್ಪುವಿನ ಸೋಲಿನ ಬೆನ್ನಿಗೇ ಕಂಪನಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಹಳ್ಳಿ ಹಳ್ಳಿ ತಿರುಗಿ ಬರೆದುಕೊಂಡದ್ದೂ ಇಂಥದೇ ಲೆಕ್ಕ. ಇವೆಲ್ಲದರ ಗುರಿ ಒಂದೇ: ಕಂದಾಯ ಎಲ್ಲಿಂದ, ಎಷ್ಟು ಹುಟ್ಟುತ್ತದೆ ಎಂದು ತಿಳಿಯುವುದು.

1871ರ ನವೆಂಬರಿನಲ್ಲಿ ನಡೆದದ್ದು ಬೇರೆ ಬಗೆಯ ಎಣಿಕೆ. ಕಂದಾಯ ಕೊಡುವವನು, ಕೊಡದವನು ಎಂಬ ಭೇದವಿಲ್ಲದೆ ಪ್ರತಿ ತಲೆಯನ್ನೂ ಎಣಿಸಿದರು. ಗಂಡು, ಹೆಣ್ಣು, ವಯಸ್ಸು, ಜಾತಿ, ಕಸುಬು. ಇದು ಹೊಸ ತೆರಿಗೆಗೆ ಹಾಕಿದ ಹೊಂಚು ಎಂಬ ಗುಮಾನಿ ದೇಶದ ಎಲ್ಲೆಡೆ ಇತ್ತು. ಅನುಭವ ಇದ್ದ ರೈತನಿಗೆ ಬೇರೇನು ಅನ್ನಿಸೀತು? ಆಗ ಮೈಸೂರು ಬ್ರಿಟಿಷ್ ಕಮಿಷನರ ನೇರ ಆಡಳಿತದಲ್ಲಿತ್ತು. ಎಣಿಕೆ ಮುಗಿದಾಗ ಸಿಕ್ಕ ಸಂಖ್ಯೆ 50,55,412.

ಪಕ್ಕದ ಮದರಾಸು ಪ್ರಾಂತ್ಯದಲ್ಲಿ ಈ ಗಣತಿಯ ವರದಿ ಬರೆದವನು ಒಬ್ಬ ವೈದ್ಯ, ಪ್ರಾಂತ್ಯದ ಸ್ಯಾನಿಟರಿ ಕಮಿಷನರ್ ಡಬ್ಲ್ಯೂ. ಆರ್. ಕಾರ್ನಿಷ್. ಕಾಲರಾ, ಸಿಡುಬು, ಜೈಲುಗಳ ಊಟ, ಹುಟ್ಟು ಸಾವಿನ ನೋಂದಣಿ, ಇವೆಲ್ಲ ಅವನ ದಿನನಿತ್ಯದ ಕೆಲಸ. ಈ ಹೆಸರು ನೆನಪಿರಲಿ. ಆರು ವರ್ಷದ ನಂತರ ಅವನೇ ಎಣಿಸಿದ ಜನಕ್ಕೆ ದಿನಕ್ಕೆ ಎಷ್ಟು ಕಾಳು ಕೊಡಬೇಕು ಎಂಬ ಜಗಳ ಎದ್ದಾಗ ಅದರ ಒಂದು ಪಕ್ಷದಲ್ಲಿ ನಿಲ್ಲುವವನು ಇವನೇ.

ಇನ್ನೊಂದು ಪಕ್ಷ ಸರ್ ರಿಚರ್ಡ್ ಟೆಂಪಲ್‌ನದು. ಅವನ ಹಿನ್ನೆಲೆಯನ್ನು ಹೇಳದೆ ಮುಂದಿನದು ಅರ್ಥವಾಗದು. 1873–74ರಲ್ಲಿ ಬಿಹಾರಕ್ಕೆ ಬರ ಬಂದಾಗ ಇದೇ ಟೆಂಪಲ್ ಬರ್ಮಾದಿಂದ ಅಕ್ಕಿ ತರಿಸಿ, ಹಳ್ಳಿಹಳ್ಳಿಗೂ ಮುಟ್ಟಿಸಿ, ಸಾವುಗಳನ್ನು ಬಹುತೇಕ ತಡೆದಿದ್ದ. ವಿಕ್ಟೋರಿಯಾ ಕಾಲದ ಭಾರತದಲ್ಲಿ ಬರವನ್ನು ಇಷ್ಟು ಚೆನ್ನಾಗಿ ನಿಭಾಯಿಸಿದ ಉದಾಹರಣೆ ಬೇರೆ ಇಲ್ಲ. ಅದಕ್ಕೆ ಸಿಕ್ಕ ಬಹುಮಾನವೆಂದರೆ ಲಂಡನ್ನಿನಿಂದ ಬಂದ ಛೀಮಾರಿ. ದುಂದುವೆಚ್ಚ ಮಾಡಿದ, ಸರ್ಕಾರ ತಮ್ಮನ್ನು ಸಾಕಬೇಕು ಎಂಬ ಅಭ್ಯಾಸ ಜನರಲ್ಲಿ ಬೆಳೆಸಿದ ಎಂದು ಟೀಕೆಗಳಾದವು. ಕೆಟ್ಟ ಹೆಸರನ್ನು ತೊಳೆದುಕೊಳ್ಳಲು ಅವನಿಗೆ ಒಂದು ಅವಕಾಶ ಬೇಕಿತ್ತು. 1877ರ ಜನವರಿಯಲ್ಲಿ ಅದು ಸಿಕ್ಕಿತು.

ಸಿಕ್ಕ ಬಗೆ ಹೀಗೆ. 1876ರ ಕೊನೆಯಲ್ಲಿ ಮದರಾಸು ಸರ್ಕಾರ ಆರ್ಬತ್‌ನಾಟ್ ಕಂಪನಿಯ ಮೂಲಕ 30,000 ಟನ್ ಧಾನ್ಯವನ್ನು ಗುಟ್ಟಾಗಿ ಖರೀದಿಸಿತು. ಸುದ್ದಿ ತಿಳಿದು ವೈಸರಾಯ್ ಸಿಡಿಮಿಡಿಗೊಂಡ. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಿದರೆ ಖಾಸಗಿ ವ್ಯಾಪಾರಿ ಹೆದರಿ ಹಿಂದೆ ಸರಿಯುತ್ತಾನೆ, ಬರ ಇನ್ನಷ್ಟು ಹೆಚ್ಚುತ್ತದೆ ಎಂಬುದು ಆಡಮ್ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ಕಲಿಸಿದ್ದ ಪಾಠ. ಕಲಕತ್ತೆಯ ಸೆಕ್ರೆಟೇರಿಯಟ್‌ನಲ್ಲಿ ಅದು ಬೈಬಲ್ಲಿಗೆ ಸಮ. ಮದರಾಸಿನ ಕೈ ಕಟ್ಟಲು ಯಾರನ್ನು ಕಳಿಸುವುದು? ಖರ್ಚು ಮಾಡಿ ಪೆಟ್ಟು ತಿಂದವನಿಗಿಂತ ಬಿಗಿ ಮುಷ್ಟಿಯವನು ಇನ್ನೊಬ್ಬ ಸಿಗಲಾರ. ಟೆಂಪಲ್ ದಕ್ಷಿಣಕ್ಕೆ ಹೊರಟ. ಬಳ್ಳಾರಿ ಸೀಮೆ ನೋಡಿದ, ಮೈಸೂರಿಗೂ ಬಂದುಹೋದ. ದಿನಕ್ಕೆ ಹತ್ತಾರು ಶಿಬಿರಗಳನ್ನು ಕುದುರೆಯ ಮೇಲಿಂದಲೇ ನೋಡಿ ಟಿಪ್ಪಣಿ ಬರೆಯುವ ಚಾಳಿ ಅವನದು ಎಂದು ಮದರಾಸಿನ ಪತ್ರಿಕೆಯವರು ಗೇಲಿ ಮಾಡಿದ್ದುಂಟು.

ಟಿಪ್ಪಣಿಗಳ ಸಾರ ಇಷ್ಟು: ಬರ ಪರಿಹಾರದ ಕಾಮಗಾರಿಗಳಿಗೆ ಬಂದ ಜನರಲ್ಲಿ ತುಂಬ ಮಂದಿ ನಿಜವಾಗಿ ನಿರ್ಗತಿಕರಲ್ಲ, ಕೂಲಿ ಹೆಚ್ಚೆಂದು ಬಂದವರು. ಅವರನ್ನು ಜರಡಿ ಹಿಡಿಯಬೇಕು. ಹೇಗೆ? ಕೆಲಸ ಕಠಿಣವಾಗಿರಲಿ, ಕಾಮಗಾರಿ ಊರಿನಿಂದ ದೂರವಿರಲಿ, ಕೂಲಿ ಜೀವ ಹಿಡಿಯುವಷ್ಟಕ್ಕೇ ಇರಲಿ. ವಯಸ್ಕ ಗಂಡಸಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಕೊಳ್ಳುವಷ್ಟು, ಮೇಲೆ ಉಪ್ಪು ಮೆಣಸಿಗೆ ಒಂದಿಷ್ಟು ಕಾಸು. ಇದೇ ಮುಂದೆ ಟೆಂಪಲ್ ಕೂಲಿ ಎಂದು ಕುಖ್ಯಾತವಾಯಿತು.

ಒಂದು ಪೌಂಡು ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 450 ಗ್ರಾಂ. ಬೆಳಗಿನಿಂದ ಸಂಜೆಯವರೆಗೆ ಕಲ್ಲು ಒಡೆದು ಮಣ್ಣು ಹೊರುವ ಆಳಿಗೆ ಒಪ್ಪೊತ್ತಿನ ಮುದ್ದೆಯ ಹಿಟ್ಟು. ಆ ಕೂಲಿಯಲ್ಲೇ ಕಾಮಗಾರಿಗೆ ಬರಲಾಗದ ಮುದುಕರು, ಬಾಣಂತಿಯರು ಇರುವ ಮನೆಯೂ ನಡೆಯಬೇಕು. ಬಯಲುಸೀಮೆಯ ಯಾವ ಹೆಂಗಸನ್ನು ಕೇಳಿದ್ದರೂ ಇದು ಆಗುವ ಮಾತಲ್ಲ ಎಂದು ಕಣ್ಣಳತೆಯಲ್ಲೇ ಹೇಳಿಬಿಡುತ್ತಿದ್ದಳು. ಯಾರೂ ಕೇಳಲಿಲ್ಲ.

ಹೇಳಿದವನು ಕಾರ್ನಿಷ್. ಅವನು ಆಡಿದ್ದು ಕರುಣೆಯ ಮಾತಲ್ಲ, ಅಂಕಿಸಂಖ್ಯೆಯ ಮಾತು. ಅವನ ಬಲ ಇದ್ದದ್ದೂ ಅಲ್ಲೇ. ಮದರಾಸಿನ ಜೈಲುಗಳಲ್ಲಿ ಕಠಿಣ ಸಜೆಯ ಕೈದಿಗೆ ಇದಕ್ಕಿಂತ ಹೆಚ್ಚು ಆಹಾರ ಕೊಡುತ್ತೇವೆ. ಹಾಗಿದ್ದೂ ಊಟ ತುಸು ಕಡಿಮೆಯಾದ ಕೂಡಲೇ ಜೈಲಿನ ಸಾವಿನ ಪ್ರಮಾಣ ಏರುತ್ತದೆ ಎಂದು ತೋರಿಸಿದ. ಬರಿಯ ಕಾಳಿನಲ್ಲಿ ಮಾಂಸಖಂಡ ಉಳಿಸುವ ಅಂಶ ಸಾಲದು, ಬೇಳೆ ಬೇಕು ಎಂದ. ಉಪವಾಸ ಎಂದರೆ ಏನೂ ತಿನ್ನದೆ ನಾಲ್ಕು ದಿನದಲ್ಲಿ ಸಾಯುವುದಲ್ಲ. ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ದುಡಿದು, ಕೈಕಾಲು ಬಾತು, ಭೇದಿ ಹತ್ತಿ, ಆಮೇಲೆ ಅನ್ನ ಕೊಟ್ಟರೂ ಕರುಳು ಅದನ್ನು ಹಿಡಿಯಲಾರದ ಸ್ಥಿತಿಗೆ ಬರುವುದು ಎಂದು ವಿವರಿಸಿದ. ಶಿಬಿರಗಳಿಂದ ತೂಕದ ಲೆಕ್ಕ, ಸಾವಿನ ಲೆಕ್ಕ ತರಿಸಿ ಮುಂದಿಟ್ಟ. ಟೆಂಪಲ್‌ನ ಉತ್ತರ ಸರಳವಾಗಿತ್ತು: ಅಷ್ಟೊಂದು ಹಣ ಸರ್ಕಾರದ ಹತ್ತಿರ ಇಲ್ಲ, ಒಂದು ಪೌಂಡನ್ನು ಪ್ರಯೋಗವಾಗಿ ನೋಡೋಣ.

ಪ್ರಯೋಗ ನಡೆದದ್ದು ಜನರ ಮೇಲೆ. ಎರಡು ಕಡತಗಳ ನಡುವೆ ಓಡಾಡಿದ ಈ ಪತ್ರಗಳನ್ನು ಮದರಾಸ್ ಟೈಮ್ಸ್ ಸಂಪಾದಕ ವಿಲಿಯಂ ಡಿಗ್ಬಿ 1878ರ ತನ್ನ ಎರಡು ಸಂಪುಟಗಳಲ್ಲಿ ವಿಸ್ತಾರವಾಗಿ ದಾಖಲಿಸಿದ್ದಾನೆ. ಅಲ್ಲಿ ಕಣ್ಣಿಗೆ ಕಟ್ಟುವ ಸಂಗತಿಯೆಂದರೆ, ಇಬ್ಬರೂ ಒಂದೇ ಭಾಷೆಯಲ್ಲಿ ಜಗಳವಾಡುತ್ತಿದ್ದಾರೆ. ಸರಾಸರಿ, ಪ್ರಮಾಣ, ಸಾವಿರಕ್ಕೆ ಇಷ್ಟು. ರಾಜಧರ್ಮ, ಪುಣ್ಯ, ಪಾಪ ಎಂಬ ಹಳೆಯ ಮಾತು ಎಲ್ಲಿಯೂ ಇಲ್ಲ.

ಈ ಭಾಷೆ ಎಲ್ಲಿಂದ ಬಂತು? ಒಂದು ಎಳೆ ಹಿಡಿದು ಹೋದರೆ ಇಂಗ್ಲೆಂಡಿನ ಹೇಲಿಬರಿಗೆ ತಲಪುತ್ತೇವೆ. ಭಾರತಕ್ಕೆ ಬರುವ ಸಿವಿಲ್ ಅಧಿಕಾರಿಗಳಿಗೆ ತರಬೇತಿ ಕೊಡಲು ಈಸ್ಟ್ ಇಂಡಿಯಾ ಕಂಪನಿ ನಡೆಸುತ್ತಿದ್ದ ಕಾಲೇಜು ಅಲ್ಲಿತ್ತು. 1805ರಲ್ಲಿ ಅದರ ಅರ್ಥಶಾಸ್ತ್ರದ ಪ್ರಾಧ್ಯಾಪಕನಾಗಿ ನೇಮಕಗೊಂಡು 1834ರಲ್ಲಿ ಸಾಯುವವರೆಗೂ ಪಾಠ ಹೇಳಿದವನು ಥಾಮಸ್ ರಾಬರ್ಟ್ ಮಾಲ್ಥಸ್. ಜನಸಂಖ್ಯೆ ಆಹಾರಕ್ಕಿಂತ ವೇಗವಾಗಿ ಬೆಳೆಯುತ್ತದೆ, ಬರ ರೋಗ ಯುದ್ಧಗಳು ಅದನ್ನು ಸರಿದೂಗಿಸುತ್ತವೆ ಎಂದು 1798ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಪ್ರಬಂಧ ಅವನದು. 1803ರ ಪರಿಷ್ಕೃತ ಆವೃತ್ತಿಯಲ್ಲಿ ಭಾರತದ ಮೇಲೂ ಟಿಬೆಟ್ಟಿನ ಮೇಲೂ ಒಂದು ಅಧ್ಯಾಯ ಇದೆ. ಎರಡನ್ನೂ ಅವನು ಕಣ್ಣಾರೆ ಕಂಡವನಲ್ಲ. ಟೆಂಪಲ್ ಕಲಿತದ್ದೂ ಹೇಲಿಬರಿಯಲ್ಲೇ, ಗುರು ತೀರಿಕೊಂಡ ಹತ್ತು ವರ್ಷಗಳ ಮೇಲೆ. ಮಾಲ್ಥಸ್ ಒಬ್ಬನ ತಲೆಯ ಮೇಲೇ ಎಲ್ಲ ಪಾಪವನ್ನೂ ಹೊರಿಸುವುದು ಅನ್ಯಾಯ. ಆದರೆ 1877ರಲ್ಲಿ ಲಿಟ್ಟನ್ ತನ್ನ ಶಾಸನಸಭೆಯಲ್ಲಿ ಭಾರತದ ಜನ ತಾವು ಬೆಳೆಯುವ ಅನ್ನಕ್ಕಿಂತ ಬೇಗ ಹೆಚ್ಚುತ್ತಾರೆ ಎಂಬರ್ಥದ ಮಾತಾಡಿದಾಗ, ಅದನ್ನು ಯಾರಿಗೂ ಸಾಬೀತು ಮಾಡಿ ತೋರಿಸಬೇಕಾಗಿರಲಿಲ್ಲ. ಕೇಳುತ್ತಿದ್ದವರೆಲ್ಲ ಅದೇ ಪಾಠ ಓದಿ ಬಂದವರು.

ಇನ್ನೊಂದು ಎಳೆ ಫ್ರಾನ್ಸಿಗೆ ಹೋಗುತ್ತದೆ. 1978ರ ಜನವರಿಯಲ್ಲಿ, ಟೆಂಪಲ್‌ನ ಪ್ರವಾಸ ನಡೆದು ಒಂದು ಶತಮಾನ ಕಳೆದ ಮೇಲೆ, ಪ್ಯಾರಿಸಿನ ಕಾಲೇಜ್ ದ ಫ್ರಾನ್ಸ್‌ನಲ್ಲಿ ಮಿಶೆಲ್ ಫುಕೋ ಭದ್ರತೆ, ನೆಲ, ಜನಸಂಖ್ಯೆ ಎಂಬ ಉಪನ್ಯಾಸಮಾಲೆ ಆರಂಭಿಸಿದ. ಎರಡನೆಯ ಉಪನ್ಯಾಸದ ವಸ್ತುವೇ ಧಾನ್ಯದ ಅಭಾವ. ಅವನು ಹೇಳಿದ್ದರ ತಿರುಳು ಇದು: ಹಳೆಯ ರಾಜರು ಬರ ಬಂದಾಗ ಬೆಲೆ ಕಟ್ಟುತ್ತಿದ್ದರು, ದಾಸ್ತಾನು ಹುಡುಕಿ ಹೊರಗೆಳೆಯುತ್ತಿದ್ದರು, ಗಡಿಯಾಚೆ ಕಾಳು ಹೋಗದಂತೆ ತಡೆಯುತ್ತಿದ್ದರು. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ಅರ್ಥಶಾಸ್ತ್ರಿಗಳು ಇದನ್ನು ತಲೆಕೆಳಗು ಮಾಡಿದರು. 1763ರಲ್ಲಿ ಲೂಯಿ ಪಾಲ್ ಅಬೇಯ್ ಎಂಬಾತ ಬರೆದ ಕಿರುಹೊತ್ತಗೆಯನ್ನು ಫುಕೋ ಸಾಲು ಸಾಲಾಗಿ ಬಿಡಿಸಿ ಓದುತ್ತಾನೆ. ಬೆಲೆ ಏರಲಿ ಬಿಡಿ. ಏರಿದರೆ ಹೊರಗಿನಿಂದ ಕಾಳು ತಾನಾಗಿ ಹರಿದುಬರುತ್ತದೆ. ದೇಶವಿಡೀ ಏಕಕಾಲಕ್ಕೆ ಹಸಿಯುವ ದುರ್ಭಿಕ್ಷ ಆಗ ಬರುವುದೇ ಇಲ್ಲ. ನಡುವೆ ಕೆಲವರು ಸಾಯಬಹುದು. ಆದರೆ ಸರ್ಕಾರದ ಕಣ್ಣಿರಬೇಕಾದ್ದು ಆ ಕೆಲವರ ಮೇಲಲ್ಲ, ಒಟ್ಟು ಸಮುದಾಯದ ಮೇಲೆ. ಹೀಗೆ ರಾಜನ ಆಜ್ಞೆಗೆ ತಲೆಬಾಗುವ ಪ್ರಜೆಯ ಜಾಗದಲ್ಲಿ, ಸರಾಸರಿಯಿಂದ ತಿಳಿಯಬಹುದಾದ, ಬೆಲೆ ರೋಗ ಹವಾಮಾನಗಳಿಗೆ ತಕ್ಕಂತೆ ಏರಿಳಿಯುವ ಒಂದು ಹೊಸ ವಸ್ತು ಹುಟ್ಟಿತು, ಅದೇ ಜನಸಂಖ್ಯೆ. ಇನ್ನೂ ಒಂದು ಮಾತನ್ನು ಫುಕೋ ಅಲ್ಲಿ ಸೇರಿಸುತ್ತಾನೆ. ಬೆಲೆ ಏರಿದಾಗ ಕಾಯುತ್ತ ಕೂರದೆ ಉಗ್ರಾಣಕ್ಕೆ ನುಗ್ಗುವವರು, ಹೇಳಿದಂತೆ ನಡೆಯಲು ಒಪ್ಪದವರು ಈ ಜನಸಂಖ್ಯೆಯ ಲೆಕ್ಕದಿಂದ ಹೊರಗೆ ಬೀಳುತ್ತಾರೆ.

ಫುಕೋ ಮಾತಾಡಿದ್ದು ಯುರೋಪಿನ ಬಗ್ಗೆ. ಆದರೆ ಬಳ್ಳಾರಿ, ಕೋಲಾರಗಳ ಕಡತ ಓದಿದವರಿಗೆ ಆ ಉಪನ್ಯಾಸ ನಮ್ಮೂರಿನ ಕತೆಯಂತೆ ಕೇಳಿಸುತ್ತದೆ. ಹೊರಗೆ ಬಿದ್ದವರೂ ಇಲ್ಲಿದ್ದರು. ಮುಂಬಯಿ ಪ್ರಾಂತ್ಯದಲ್ಲಿ 1877ರ ಆರಂಭದ ತಿಂಗಳುಗಳಲ್ಲಿ ಟೆಂಪಲ್ ಕೂಲಿ ಜಾರಿಯಾದಾಗ ಸಾವಿರ ಸಾವಿರ ಮಂದಿ ಕಾಮಗಾರಿ ಬಿಟ್ಟು ಎದ್ದು ನಡೆದರು. ದೂರದ ಶಿಬಿರಗಳಿಗೆ ಹೋಗುವುದಿಲ್ಲ, ಒಂದು ಪೌಂಡಿಗೆ ದುಡಿಯುವುದಿಲ್ಲ ಎಂದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಸರ್ಕಾರಕ್ಕೆ ಮನವಿ ಮೇಲೆ ಮನವಿ ಬರೆಯಿತು. ಹಸಿದವರು ಕೂಲಿ ಬಿಟ್ಟು ಹೋಗುತ್ತಾರೆಂದರೆ ಅವರಿಗೆ ಹಸಿವೇ ಇಲ್ಲ ಎಂಬುದು ಟೆಂಪಲ್ ಪಕ್ಷದ ವಾದ. ಆದರೆ ಫುಕೋನ ಚಿತ್ರ ನಮ್ಮಲ್ಲಿ ಪೂರ್ತಿ ಹೊಂದುವುದಿಲ್ಲ ಎಂದೂ ಹೇಳಬೇಕು. ಫ್ರಾನ್ಸಿನ ಅರ್ಥಶಾಸ್ತ್ರಿಗೆ ತನ್ನ ದೇಶದ ಜನಸಂಖ್ಯೆ ಬೆಳೆಸಿಕೊಳ್ಳಬೇಕಾದ ಸಂಪತ್ತು. ಲಿಟ್ಟನ್‌ಗೆ ಮೈಸೂರಿನ ಜನಸಂಖ್ಯೆ ಬಜೆಟ್ಟಿನ ಖರ್ಚಿನ ಕಲಂ. ಬೆಲೆ ಏರಿದರೆ ಕಾಳು ಹರಿದುಬರುತ್ತದೆ ಎಂಬ ಸೂತ್ರದಲ್ಲಿ ಕೊಳ್ಳುವವನ ಕೈಯಲ್ಲಿ ಕಾಸಿರಬೇಕು ಎಂಬ ಷರತ್ತು ಅಡಗಿದೆ. ಕಾಸಿಲ್ಲದ ಕಡೆಯಿಂದ ಕಾಳು ಹರಿದುಹೋಗುತ್ತದೆ. ಆ ಎರಡು ವರ್ಷಗಳಲ್ಲೂ ಭಾರತದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು.

ಇಲ್ಲಿ ಹಗೇವಿನ ಮಾತು ಹೇಳದೆ ಹೋಗಲಾಗದು. ಹಳೆ ಮೈಸೂರು ಸೀಮೆಯ ರೈತ ಬರವನ್ನು ಎದುರಿಸುತ್ತಿದ್ದದ್ದು ನೆಲದೊಳಗಿನ ಈ ಕಣಜದಿಂದ. ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದಾದ ಬಾಯಿ, ಕೆಳಗೆ ಹೋದಂತೆ ಅಗಲವಾಗುವ ಹೊಟ್ಟೆ. ಗೋಡೆಗೆ ಒಣಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಡುತ್ತಿದ್ದರು. ಗಾಳಿಯಾಡದ ಆ ಕತ್ತಲಲ್ಲಿ ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುತ್ತದೆ. ತೆಗೆಯುವಾಗ ಮಾತ್ರ ಎಚ್ಚರ ಬೇಕು. ಬಾಯಿ ತೆರೆದು ಕೆಟ್ಟ ಗಾಳಿ ಹೋಗುವವರೆಗೆ ಕಾದು, ದೀಪ ಇಳಿಸಿ ನೋಡಿ, ಆರಲಿಲ್ಲವೆಂದರೆ ಆಳು ಇಳಿಯಬೇಕು. ಆತುರ ಬಿದ್ದು ಇಳಿದು ಸತ್ತವರ ಕತೆ ಎಷ್ಟೋ ಊರುಗಳಲ್ಲಿದೆ. ಹಗೇವು ಸರಾಸರಿಯ ಮೇಲೆ ನಿಂತ ವ್ಯವಸ್ಥೆಯಲ್ಲ. ಇದ್ದವನ ಮನೆಯಂಗಳದಲ್ಲಿ ಮಾತ್ರ ಅದು ಇರುತ್ತಿತ್ತು. ಹೊಲೆಯ ಮಾದಿಗರ ಕೇರಿಯಲ್ಲಿ ಹಗೇವಿಗೆ ಸುರಿಯುವಷ್ಟು ರಾಗಿ ಎಲ್ಲಿಂದ ಬರಬೇಕು? ಅವರು ಇದ್ದವನ ಹಗೇವನ್ನೇ ನಂಬಿ, ಅದರ ಋಣಕ್ಕೆ ಜೀತವೇ ಗತಿ ಎಂದು ಬದುಕುತ್ತಿದ್ದರು. ಹಳೆಯದನ್ನು ಚಿನ್ನವೆಂದು ಹೊಗಳುವ ಇರಾದೆ ನನಗಿಲ್ಲ. ಒಂದು ವರ್ಷದ ಬರವನ್ನು ಹಗೇವು ತಡೆಯುತ್ತಿತ್ತು, ಎರಡನೆಯದನ್ನು ತಡೆಯಲಿಲ್ಲ ಎಂಬುದಷ್ಟೇ ಸತ್ಯ. 1877ರ ನಡುವಿನ ಹೊತ್ತಿಗೆ ಹಗೇವುಗಳು ಬರಿದಾಗಿದ್ದವು.

ಜನ ಊರು ಬಿಟ್ಟು ಬೆಂಗಳೂರಿನ ಕಡೆ ನಡೆದರು. ಆ ವರ್ಷದ ಅಕ್ಟೋಬರ್ 20ರ ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್‌ನಲ್ಲಿ ಒಂದು ಕೆತ್ತನೆಯ ಚಿತ್ರ ಅಚ್ಚಾಗಿದೆ: ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದಿರುವ ಜನ. ಎಲುಬು ಎಣಿಸಬಹುದಾದ ಮೈಗಳು, ಕೂತವರು, ನಿಂತವರು. ಲಂಡನ್ನಿನ ಓದುಗನಿಗೆ ಅದು ಮರುಕದ ಚಿತ್ರ. ಆಡಳಿತಕ್ಕೆ ಅದು ವರ್ಗೀಕರಣದ ಸಮಸ್ಯೆ. ಇವರಲ್ಲಿ ದುಡಿಯಬಲ್ಲವರು ಯಾರು, ದುಡಿಯಲಾರದವರು ಯಾರು?

ಸೆಪ್ಟೆಂಬರಿನಲ್ಲಿ ಲಿಟ್ಟನ್ ತಾನೇ ಮೈಸೂರಿಗೆ ಬಂದ. ಬರದ ಉಸ್ತುವಾರಿಗೆ ಚಾರ್ಲ್ಸ್ ಎಲಿಯಟ್ ಎಂಬ ಅಧಿಕಾರಿಯನ್ನು ಫ್ಯಾಮಿನ್ ಕಮಿಷನರ್ ಆಗಿ ನೇಮಿಸಿದ. ಗಂಜಿ ಕೇಂದ್ರಗಳಲ್ಲಿ ಕೂತಿದ್ದವರ ಪೈಕಿ ಕೈಕಾಲು ಗಟ್ಟಿ ಇರುವವರನ್ನು ಬೇರ್ಪಡಿಸಿ ದೊಡ್ಡ ಕಾಮಗಾರಿಗಳಿಗೆ ಅಟ್ಟಬೇಕು ಎಂಬುದು ಹೊಸ ನೀತಿ. ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣಿನ ಕೆಲಸಕ್ಕೆ ಇಳಿದವರು ಇವರೇ. ದಿನಾ ಆ ದಾರಿಯಲ್ಲಿ ಓಡಾಡುವ ನಾವು ಚನ್ನಪಟ್ಟಣ, ಮದ್ದೂರು ದಾಟುವಾಗ ವಡೆಯನ್ನು ನೆನೆಯುತ್ತೇವೆ. ಕೆಳಗಿನ ಏರಿಯ ಮಣ್ಣನ್ನು ಹೊತ್ತವರು ಯಾವ ಪಾಠಪುಸ್ತಕದಲ್ಲೂ ಇಲ್ಲ.

ಆ ಹೊತ್ತಿಗೆ ಮದರಾಸಿನಲ್ಲಿ ಕಾರ್ನಿಷ್ ಗೆದ್ದಿದ್ದ. ಸಾವಿನ ಲೆಕ್ಕ ಏರುತ್ತ ಹೋದದ್ದನ್ನು ಮುಚ್ಚಿಡಲಾಗದೆ ಮದರಾಸು ಸರ್ಕಾರ 1877ರ ಮೇ ತಿಂಗಳಲ್ಲಿ ಕೂಲಿಯ ಪ್ರಮಾಣವನ್ನು ಹೆಚ್ಚಿಸಿತು. ನಾಲ್ಕು ತಿಂಗಳ ಪ್ರಯೋಗ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿತ್ತು. ಅರೆಹೊಟ್ಟೆಯಲ್ಲಿ ಸವೆದ ಮೈಗಳಿಗೆ ಕಾಲರಾ ಬಂತು, ಸಿಡುಬು ಬಂತು. ಮಳೆ ಮರಳಿದಾಗ ಅದರೊಡನೆ ಜ್ವರ ಬಂತು. ಬರ ಮುಗಿಯಿತು ಎಂದು ಸರ್ಕಾರ ಘೋಷಿಸಿದ ಮೇಲೂ ಜನ ಸಾಯುವುದು ನಿಲ್ಲಲಿಲ್ಲ. ಹಳ್ಳಿಯ ಸಾವಿನ ಪುಸ್ತಕದಲ್ಲಿ ಹಸಿವು ಎಂಬ ಕಾರಣ ನಮೂದಾಗುವುದು ಅಪರೂಪ. ಜ್ವರ, ಭೇದಿ, ಕಾಲರಾ ಎಂದೇ ಬರೆಯುತ್ತಿದ್ದರು. ಎಷ್ಟೋ ಕಡೆ ಬರೆಯಬೇಕಾದವನೇ ಸತ್ತಿದ್ದ.

ಹಾಗಾದರೆ ಸತ್ತವರೆಷ್ಟು ಎಂದು ತಿಳಿಯುವುದು ಹೇಗೆ? ಕಾರ್ನಿಷ್ 1878ರಲ್ಲಿ ಬರ ಬಿದ್ದ ಜಿಲ್ಲೆಗಳ ಕೆಲವು ಭಾಗಗಳಲ್ಲಿ ಮತ್ತೆ ತಲೆ ಎಣಿಸಿ, 1871ರ ಪುಸ್ತಕದ ಪಕ್ಕ ಇಟ್ಟು ನೋಡಿದ. ಮಾಯವಾದ ಜನ ಅಲ್ಲಿ ಸಿಕ್ಕರು. 1881ರ ಫೆಬ್ರವರಿ 17ರಂದು ದೇಶವಿಡೀ ಗಣತಿಯಾಯಿತು. ಮೈಸೂರಿನ ಸಂಖ್ಯೆ 41,86,188. ಹತ್ತು ವರ್ಷದ ಹಿಂದಿನ ಲೆಕ್ಕಕ್ಕಿಂತ 8,69,224 ಕಡಿಮೆ, ನೂರಕ್ಕೆ ಹದಿನೇಳು. ಬರದ ಮೊದಲಿನ ವರ್ಷಗಳಲ್ಲಿ ಸಹಜವಾಗಿ ಹೆಚ್ಚಿದ್ದಿರಬೇಕಾದ ಜನವನ್ನೂ ಸೇರಿಸಿದರೆ ನಷ್ಟ ಹತ್ತು ಲಕ್ಷದ ಸುತ್ತ. ವಯಸ್ಸಿನ ಪಟ್ಟಿಯಲ್ಲಿ ಇನ್ನೊಂದು ಗಾಯ ಕಾಣುತ್ತದೆ. ಬರದಲ್ಲಿ ಹುಟ್ಟಿದ ಕೂಸುಗಳು ಉಳಿಯಲಿಲ್ಲ, ಹುಟ್ಟಬೇಕಾದವು ಹುಟ್ಟಲೇ ಇಲ್ಲ. ಮಲೆನಾಡು ಬಹುಮಟ್ಟಿಗೆ ಪಾರಾಗಿತ್ತು. ಬಯಲುಸೀಮೆಯ ಜಿಲ್ಲೆಗಳು ಬೆಂದಿದ್ದವು.

ಅದೇ 1881ರ ಮಾರ್ಚಿನಲ್ಲಿ ಬ್ರಿಟಿಷರು ಮೈಸೂರನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಕ್ಕೆ ಕೊಟ್ಟರು. ಬರಕ್ಕೆ ಮುಂಚೆ ಖಜಾನೆಯಲ್ಲಿದ್ದ 63 ಲಕ್ಷ ರೂಪಾಯಿ ಉಳಿತಾಯ ಕರಗಿ, 80 ಲಕ್ಷದ ಸಾಲ ಮೈಮೇಲಿತ್ತು. ದಿವಾನ್ ರಂಗಾಚಾರ್ಲು ಕೈಗೆ ಬಂದ ಸಂಸ್ಥಾನ ಅದು. ಸರ್ಕಾರ ನೇಮಿಸಿದ ರಿಚರ್ಡ್ ಸ್ಟ್ರೇಚಿಯ ಬರ ಆಯೋಗ 1880ರ ತನ್ನ ವರದಿಯಲ್ಲಿ ಬ್ರಿಟಿಷ್ ಭಾರತದಲ್ಲಿ ಈ ಬರಕ್ಕೆ ಬಲಿಯಾದವರು ಐವತ್ತು ಲಕ್ಷಕ್ಕೂ ಮಿಗಿಲು ಎಂದು ಅಂದಾಜು ಮಾಡಿತು. ಅದರ ಕಾರ್ಯದರ್ಶಿ ನಮ್ಮ ಎಲಿಯಟ್‌ನೇ. ಬರದ ಸಂಹಿತೆ, ಅಂದರೆ ಫ್ಯಾಮಿನ್ ಕೋಡ್, ಹುಟ್ಟಿದ್ದು ಅಲ್ಲಿಂದ: ಕಾಳಿನ ಬೆಲೆ ಏರಿಕೆ, ಗೊತ್ತುಗುರಿಯಿಲ್ಲದೆ ಅಲೆಯುವ ಜನ, ಹೆಚ್ಚುವ ಕಳವು, ಇಂಥ ಲಕ್ಷಣ ಕಂಡಾಗ ಅಧಿಕಾರಿ ಏನು ಮಾಡಬೇಕು ಎಂಬ ಕೈಪಿಡಿ. ಇಂದಿಗೂ ನಮ್ಮ ತಹಶೀಲ್ದಾರರ ಬರ ಘೋಷಣೆಯ ಪದ್ಧತಿಯಲ್ಲಿ ಅದರ ಛಾಯೆ ಇದೆ. ನೂರು ದಿನದ ಉದ್ಯೋಗದ ಕಾನೂನಿಗೂ ದೂರದ ಅಜ್ಜ ಅದೇ, ಎಷ್ಟೇ ಕಹಿಯೆನಿಸಿದರೂ.

ಸಂಖ್ಯೆ ಒಮ್ಮೆ ಅಚ್ಚಾದ ಮೇಲೆ ಅದು ಸರ್ಕಾರದ ಸ್ವತ್ತಾಗಿ ಉಳಿಯುವುದಿಲ್ಲ. ದಾದಾಭಾಯಿ ನವರೋಜಿ 1876ರಲ್ಲೇ ಸರ್ಕಾರದ ಅಂಕಿಗಳನ್ನು ಸರ್ಕಾರದ ಎದುರಿಗೇ ಹಿಡಿದು, ಒಬ್ಬ ಭಾರತೀಯನ ವರ್ಷದ ಆದಾಯ 20 ರೂಪಾಯಿ, ಒಬ್ಬ ಕೈದಿಯನ್ನು ಸಾಕುವ ಖರ್ಚು ಅದಕ್ಕಿಂತ ಹೆಚ್ಚು ಎಂದು ತೋರಿಸಿದ್ದರು. ಕಾರ್ನಿಷ್ ಹಿಡಿದ ಅಳತೆಗೋಲೂ ಜೈಲಿನದೇ. ಮೈಸೂರಿನಲ್ಲಿ ಇದೇ ಗಣತಿಯ ಕೋಷ್ಟಕಗಳನ್ನು ಬಿಡಿಸಿ, ಜನಸಂಖ್ಯೆಯಲ್ಲಿ ನಾವಿಷ್ಟು, ಸರ್ಕಾರಿ ನೌಕರಿಯಲ್ಲಿ ನಾವೆಷ್ಟು ಎಂದು ಬ್ರಾಹ್ಮಣೇತರ ಸಮುದಾಯಗಳು ಕೇಳಿದವು. 1917ರಲ್ಲಿ ಪ್ರಜಾಮಿತ್ರ ಮಂಡಲಿ ಕಟ್ಟಿಕೊಂಡವು, ಮರುವರ್ಷ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಒಂದು ಪೌಂಡಿಗೆ ಅಳೆಯಲ್ಪಟ್ಟವರ ಮೊಮ್ಮಕ್ಕಳು ಅಳತೆಗೋಲನ್ನು ಕೈಗೆ ತೆಗೆದುಕೊಂಡದ್ದು ಹೀಗೆ. ಎಣಿಕೆಯೇ ದಬ್ಬಾಳಿಕೆ ಎಂದು ಫುಕೋನ ಕೆಲವು ಶಿಷ್ಯರು ಬರೆಯುವುದನ್ನು ಓದಿದಾಗ ನನಗೆ ಮಿಲ್ಲರ್ ವರದಿ ನೆನಪಾಗುತ್ತದೆ. ಎಣಿಸದೆ ಬಿಟ್ಟಿದ್ದರೆ ಆ ಎಂಟೂ ಮುಕ್ಕಾಲು ಲಕ್ಷ ಮಂದಿ ಸತ್ತದ್ದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ.

1891ರಲ್ಲಿ ಮೈಸೂರಿನ ಜನಸಂಖ್ಯೆ 49,43,604. ಇಪ್ಪತ್ತು ವರ್ಷ ಕಳೆದರೂ 1871ರ ಮಟ್ಟಕ್ಕೆ ಬಂದಿರಲಿಲ್ಲ. 1901ರಲ್ಲಿ, ಪ್ಲೇಗು ಬಂದು ಹೋದ ಮೇಲೂ, 55,39,399ಕ್ಕೆ ಏರಿತು. ಆಮೇಲೆ ಚಿಂತೆ ತಿರುಗಿಬಿತ್ತು. 1930ರಲ್ಲಿ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಲು ಅಪ್ಪಣೆ ಕೊಟ್ಟಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈ ಹಾಕಿದ್ದು ಜಗತ್ತಿನಲ್ಲೇ ಮೊದಲು ಎಂದು ಗುರುತಿಸುತ್ತಾರೆ. ಜನ ಸಾಲದು ಎಂಬಲ್ಲಿಂದ ಜನ ಹೆಚ್ಚಾದರು ಎಂಬಲ್ಲಿಗೆ ಬರಲು ಐವತ್ತು ವರ್ಷ ಸಾಕಾಯಿತು.

ಟೆಂಪಲ್ 1877ರಲ್ಲೇ ಬಡ್ತಿ ಪಡೆದು ಮುಂಬಯಿಯ ಗವರ್ನರ್ ಆದ. ಕಾರ್ನಿಷ್ ಮದರಾಸಿನ ಸರ್ಜನ್ ಜನರಲ್ ಆಗಿ ನಿವೃತ್ತನಾದ.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. ನಮ್ಮ ತಾಲ್ಲೂಕು ಕಚೇರಿಗಳ ಗ್ರಾಮಪಟ್ಟಿಯಲ್ಲಿ ಕೆಲವು ಹೆಸರುಗಳ ಮುಂದೆ ಬೇಚಿರಾಕ್ ಎಂದು ಬರೆದಿರುತ್ತದೆ: ಸರ್ವೆ ನಂಬರು ಉಂಟು, ಗಡಿ ಉಂಟು, ವಾಸ ಮಾಡುವವರಿಲ್ಲ. ಎಲ್ಲವೂ ಧಾತು ಈಶ್ವರದಲ್ಲಿ ಬರಿದಾದವಲ್ಲ. ಮಲೇರಿಯಾ, ಪ್ಲೇಗು, ಪಾಳೆಯಗಾರರ ಕಾಳಗ, ಕೆರೆ ಒಡೆದದ್ದು, ಕಾರಣ ನೂರು. ಇತಿಹಾಸದ ವಿದ್ಯಾರ್ಥಿಗಳು, ಊರಿನ ಶಾಲಾ ಮೇಷ್ಟ್ರುಗಳು ತಂತಮ್ಮ ತಾಲ್ಲೂಕಿನ ಬೇಚಿರಾಕ್ ಗ್ರಾಮಗಳ ಹೆಸರು ಬರೆದುಕೊಂಡು, ಹಳೆಯ ಗಣತಿ ವರದಿ ಮತ್ತು ಗೆಜೆಟಿಯರುಗಳ ಜೊತೆ ಹೋಲಿಸಿ, ಪಕ್ಕದ ಊರಿನ ಹಿರಿಯರನ್ನು ಕೇಳಿ, ಯಾವ ಊರು ಯಾವಾಗ ಪಾಳುಬಿತ್ತು ಎಂದು ಪಟ್ಟಿ ಮಾಡಬೇಕು. ಕೇಳಬೇಕಾದ ಹಿರಿಯರು ಇನ್ನು ಹೆಚ್ಚು ವರ್ಷ ಇರುವುದಿಲ್ಲ.